ಹಳೆಯ ಲ್ಯಾಪ್‌ಟಾಪಿಗೆ ಹೊಸ ಬಿಡಿಭಾಗ: ವರ್ತಕರು ಗಮನಿಸಬೇಕಾದ ಅಂಶಗಳು

ಕೊಟ್ಟೂರಿನ ಶೇಂಗಾ ವರ್ತಕರು, ಹರಪನಹಳ್ಳಿಯ ಮೆಕ್ಕೆಜೋಳದ ದಲ್ಲಾಳಿಗಳು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿಯ ಸಣ್ಣ ಉದ್ಯಮಿಗಳು ಒಂದು ಕಾಲಕ್ಕೆ ಕಿರ್ದಿ, ಖಾತೆ ಪುಸ್ತಕಗಳಲ್ಲಿ ಬರೆಯುತ್ತಿದ್ದ ಲೆಕ್ಕ ಈಗ ಬಹುಮಟ್ಟಿಗೆ ಲ್ಯಾಪ್‌ಟಾಪಿನೊಳಗೆ ಸೇರಿದೆ. ಪ್ರತಿ ತಿಂಗಳು ವಿವರಪಟ್ಟಿ ಸಲ್ಲಿಸುವವರಿಗೆ 11ನೆಯ ತಾರೀಖು ಜಿಎಸ್‌ಟಿಆರ್-1ಕ್ಕೆ, 20ನೆಯ ತಾರೀಖು ಜಿಎಸ್‌ಟಿಆರ್-3ಬಿಗೆ ಕೊನೆಯ ದಿನ. ಅಂತಹ ದಿನವೇ ಯಂತ್ರವು ತೆರೆದುಕೊಳ್ಳಲು ಹತ್ತು ನಿಮಿಷ ತೆಗೆದುಕೊಂಡರೆ ಮಾಲೀಕರ ಮನಸ್ಸು ಹೊಸದನ್ನು ಕೊಳ್ಳುವತ್ತ ಹೊರಳುವುದು ಸಹಜ. ಆದರೆ ಅನೇಕ ಸಂದರ್ಭಗಳಲ್ಲಿ ಹಳೆಯದಾಗಿರುವುದು ಇಡೀ ಯಂತ್ರವಲ್ಲ, ಅದರ ಒಂದೆರಡು ಬಿಡಿಭಾಗಗಳು ಮಾತ್ರ.

ಮೊದಲು ಪರೀಕ್ಷೆ, ನಂತರ ಖರೀದಿ

ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಎಂದಿನ ಕೆಲಸ ನಡೆದಿರುವಾಗ ಅದರ ಪರ್ಫಾರ್ಮೆನ್ಸ್ ವಿಭಾಗವನ್ನು ನೋಡಬೇಕು. ಡಿಸ್ಕ್ ಸದಾ ಶೇ. 100ರ ಹತ್ತಿರ ನಿಂತಿದ್ದರೆ ಹಾರ್ಡ್ ಡಿಸ್ಕ್ ಅಡಚಣೆಯಾಗಿರುವ ಸಾಧ್ಯತೆ ಹೆಚ್ಚು. ಮೆಮೊರಿ ಭರ್ತಿಯಾಗಿದ್ದರೆ ರ‍್ಯಾಮ್ ಸಾಲದೆಂದು ತಿಳಿಯಬೇಕು. ರ‍್ಯಾಮ್ ಅಳವಡಿಸುವ ಸ್ಥಾನಗಳೆಷ್ಟು, ಬಳಕೆಯಲ್ಲಿರುವುವೆಷ್ಟು ಎಂಬುದೂ ಸಾಮಾನ್ಯವಾಗಿ ಅಲ್ಲಿಯೇ ಕಾಣುತ್ತದೆ.

ಹಳೆಯ ಲ್ಯಾಪ್‌ಟಾಪುಗಳ ಹಾರ್ಡ್ ಡಿಸ್ಕಿನಲ್ಲಿ ನಿಮಿಷಕ್ಕೆ ಸಾಮಾನ್ಯವಾಗಿ 5,400 ಸುತ್ತು ತಿರುಗುವ ತಟ್ಟೆಗಳಿರುತ್ತವೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಅಲ್ಲಲ್ಲಿ ಚದುರಿದ ಸಣ್ಣ ಕಡತಗಳನ್ನು ಅದು ತಕ್ಷಣ ಓದಬಲ್ಲುದಾದ್ದರಿಂದ ಲೆಕ್ಕಪತ್ರದ ಕೆಲಸದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಆದುದರಿಂದ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಮೊದಲ ವೆಚ್ಚ ಎಸ್‌ಎಸ್‌ಡಿಗೆ ಸಲ್ಲುವುದು ಸೂಕ್ತ.

ರ‍್ಯಾಮ್ ವಿಷಯದಲ್ಲಿ ಎಚ್ಚರ ಬೇಕು. ಡಿಡಿಆರ್3ರ ಜಾಗದಲ್ಲಿ ಡಿಡಿಆರ್4 ಕೂರುವುದಿಲ್ಲ. ಕೆಲವು ತೆಳು ಮಾದರಿಗಳಲ್ಲಿ ರ‍್ಯಾಮ್ ಅನ್ನು ಮದರ್‌ಬೋರ್ಡಿಗೇ ಬೆಸೆದಿರುವುದರಿಂದ ಬದಲಾವಣೆ ಅಸಾಧ್ಯ. ಮಾದರಿಯ ಸಂಖ್ಯೆಯನ್ನು ಬರೆದುಕೊಂಡೇ ಅಂಗಡಿಗೆ ಹೋಗುವುದು ಒಳಿತು. ಇಲ್ಲವಾದರೆ ಹೊಸಪೇಟೆಗೋ ದಾವಣಗೆರೆಗೋ ಎರಡು ಬಾರಿ ಅಲೆಯಬೇಕಾದೀತು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಜಗತ್ತಿನಾದ್ಯಂತ ಮೆಮೊರಿ ಚಿಪ್‌ಗಳ ಬೆಲೆ ತೀವ್ರವಾಗಿ ಏರಿತು. ಹಿಂದಿನ ದರವನ್ನು ನಂಬದೆ ಎರಡು ಮೂರು ಕಡೆ ವಿಚಾರಿಸುವುದು ಅಗತ್ಯ.

ಯಾವಾಗ ಕೈಬಿಡಬೇಕು?

ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಸ್ಥಳ ಮತ್ತು ಟಿಪಿಎಂ 2.0 ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ 8ನೆಯ ತಲೆಮಾರಿನದು ಅಥವಾ ಅದಕ್ಕೂ ಹೊಸದಿರಬೇಕು. ರ‍್ಯಾಮ್ ಮತ್ತು ಡಿಸ್ಕ್ ಬದಲಿಸಬಹುದೇ ಹೊರತು ಲ್ಯಾಪ್‌ಟಾಪಿನ ಪ್ರೊಸೆಸರ್ ಬದಲಿಸುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಬ್ಯಾಂಕ್ ವ್ಯವಹಾರ, ತೆರಿಗೆ ಪಾವತಿ ನಡೆಸುವ ಯಂತ್ರವು ಈ ಗಡಿಯನ್ನು ದಾಟದಿದ್ದರೆ ಅದರ ಮೇಲೆ ಹೆಚ್ಚು ಹಣ ಸುರಿಯುವುದು ಜಾಣತನವಲ್ಲ. ಬ್ಯಾಟರಿ ಉಬ್ಬಿದ್ದರೆ ಬಳಕೆಯನ್ನು ಕೂಡಲೇ ನಿಲ್ಲಿಸಬೇಕು. ಅದನ್ನು ಚುಚ್ಚುವುದು, ಕಸದೊಡನೆ ಎಸೆಯುವುದು ಅಪಾಯಕರ.

ಲೆಕ್ಕವೇ ಬಂಡವಾಳ

ಬಿಡಿಭಾಗ ಕೆಟ್ಟರೆ ಮತ್ತೊಂದು ದೊರೆಯುತ್ತದೆ. ಲೆಕ್ಕ ಕಳೆದರೆ ದೊರೆಯುವುದಿಲ್ಲ. ಜಿಎಸ್‌ಟಿ ಕಾಯ್ದೆಯ 36ನೆಯ ಪ್ರಕರಣದ ಪ್ರಕಾರ ಆಯಾ ವರ್ಷದ ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿಡಬೇಕು. 2023-24ನೆಯ ಸಾಲಿನ ಲೆಕ್ಕವನ್ನು ಈ ನಿಯಮದಂತೆ 2030ರ ಡಿಸೆಂಬರ್ ಅಂತ್ಯದವರೆಗೆ ಉಳಿಸಬೇಕಾಗುತ್ತದೆ. ಆದಕಾರಣ ದುರಸ್ತಿಗೆ ಕೊಡುವ ಮುನ್ನ ಎಲ್ಲ ಕಡತಗಳ ಎರಡು ಪ್ರತಿ ತೆಗೆದು, ಒಂದನ್ನು ಅಂಗಡಿಯಲ್ಲಿಯೂ ಇನ್ನೊಂದನ್ನು ಮನೆಯಲ್ಲಿಯೂ ಇಡಬೇಕು. ಆ ಪ್ರತಿಯು ಬೇರೊಂದು ಯಂತ್ರದಲ್ಲಿ ತೆರೆಯುವುದೇ ಎಂದು ಪರೀಕ್ಷಿಸಬೇಕು. ಟ್ಯಾಲಿ ಬಳಸುವವರು ಡಿಸ್ಕ್ ಬದಲಿಸುವ ಮುನ್ನ ಪರವಾನಗಿಯನ್ನು ಸರೆಂಡರ್ ಮಾಡಿ, ಆ ಬಳಿಕ ಮತ್ತೆ ಚಾಲ್ತಿಗೊಳಿಸಿಕೊಳ್ಳುವುದು ಕ್ಷೇಮಕರ.

ತೆಗೆದ ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬಾರದು. ಅದರಲ್ಲಿ ಗ್ರಾಹಕರ ಬಾಕಿ, ಬ್ಯಾಂಕ್ ವಿವರ, ರೈತರ ಪಾವತಿ ಎಲ್ಲವೂ ಇರುತ್ತದೆ. ಕೆಲಕಾಲ ಅದನ್ನು ಹೆಚ್ಚುವರಿ ಪ್ರತಿಯಾಗಿ ಬೀಗದಲ್ಲಿಟ್ಟು, ಅಗತ್ಯ ಮುಗಿದ ಮೇಲೆ ದತ್ತಾಂಶ ಅಳಿಸಿ ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣಕಾರರಿಗೆ ಒಪ್ಪಿಸಬಹುದು. ಎಸ್‌ಎಸ್‌ಡಿ ಹಠಾತ್ತನೆ ಕೆಟ್ಟರೆ ಅದರಿಂದ ಮಾಹಿತಿ ಮರಳಿ ಪಡೆಯುವುದು ಬಹಳ ಕಷ್ಟವಾದ್ದರಿಂದ, ಹೊಸ ಭಾಗ ಬಂದ ಮೇಲೂ ವಾರಕ್ಕೊಮ್ಮೆ ಪ್ರತಿ ತೆಗೆಯುವ ರೂಢಿ ನಿಲ್ಲಬಾರದು.

ಬಿಲ್ ಮರೆಯಬೇಡಿ

ಎಸ್‌ಎಸ್‌ಡಿ, ರ‍್ಯಾಮ್‌ಗಳ ಮೇಲೆ ಶೇ. 18ರಷ್ಟು ಜಿಎಸ್‌ಟಿ ಇದೆ. ವ್ಯಾಪಾರದ ಬಳಕೆಗೆ ಕೊಂಡವರು ತಮ್ಮ ಜಿಎಸ್‌ಟಿ ಸಂಖ್ಯೆ ನಮೂದಾದ ಬಿಲ್ ಪಡೆದರೆ ನಿಯಮಾನುಸಾರ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಆದರೂ ಬಿಡಿಭಾಗದ ವಾರಂಟಿಗೆ ಆಧಾರ ಆ ಬಿಲ್ಲೇ.

ಶೇಂಗಾ, ಮೆಕ್ಕೆಜೋಳದ ಆವಕ ಏರಿದಾಗ ಯಂತ್ರವನ್ನು ಬಿಚ್ಚಿ ಕೂರಲು ಯಾರಿಗೂ ಬಿಡುವಿರುವುದಿಲ್ಲ. ಸುಗ್ಗಿಗೆ ಮುನ್ನ ತಕ್ಕಡಿ, ತೂಕದ ಬಟ್ಟುಗಳನ್ನು ಪರೀಕ್ಷಿಸಿಕೊಳ್ಳುವ ವರ್ತಕರು ತಮ್ಮ ಲ್ಯಾಪ್‌ಟಾಪನ್ನೂ ಆಗಲೇ ಪರೀಕ್ಷಿಸಿಕೊಂಡರೆ ಹಣವೂ ಉಳಿಯುತ್ತದೆ, ಲೆಕ್ಕವೂ ಉಳಿಯುತ್ತದೆ.