ದವಡೆಯಲ್ಲಿ ನೆಡುವ ಹಲ್ಲು ಮತ್ತು ಗಣಕಯಂತ್ರ

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಚಿಕಿತ್ಸೆಗೆಂದು ಹಾಸನಕ್ಕೆ ಬರುವ ವೃದ್ಧರು, ಕಟ್ಟಿಸಿದ ಹಲ್ಲು ಅಗಿಯುವಾಗ ಅಲುಗುತ್ತದೆಂದು ಹೇಳುವುದನ್ನು ನಾವು ಕೇಳಿದ್ದೇವೆ. ಮುದ್ದೆಗೆ ಹಲ್ಲು ಬೇಡ, ನಿಜ, ಹುರಿಗಡಲೆಗೆ ಬೇಕು. ಎಲುಬಿನಲ್ಲಿಯೇ ಟೈಟೇನಿಯಂ ತಿರುಪನ್ನು ನೆಟ್ಟು ಅದರ ಮೇಲೆ ಹಲ್ಲನ್ನು ಕೂರಿಸುವುದು ಇದಕ್ಕೊಂದು ಪರಿಹಾರ. ಈ ಲೋಹಕ್ಕೆ ಎಲುಬು ಬೆಸೆದುಕೊಳ್ಳುವುದನ್ನು ಸ್ವೀಡನ್ನಿನ ಬ್ರೋನೆಮಾರ್ಕರು 1952ರಲ್ಲಿ ಮೊಲದ ಕಾಲೆಲುಬಿನಲ್ಲಿ ಕಂಡು, 1965ರಲ್ಲಿ ಮನುಷ್ಯನ ದವಡೆಗೆ ಅನ್ವಯಿಸಿದರು.

ಕಷ್ಟವಿರುವುದು ಎಲುಬನ್ನು ಕೊರೆಯುವಲ್ಲಿ. ಕೆಳದವಡೆಯೊಳಗಿನ ಕಿರುನಾಳದಲ್ಲಿ, ತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನವನ್ನೀಯುವ ನರವೊಂದು ಹಾದುಹೋಗುತ್ತದೆ. ಅದಕ್ಕೆ ಪೆಟ್ಟು ತಗುಲಿದರೆ ತುಟಿ ಮರಗಟ್ಟಿ, ಕೆಲವರಲ್ಲಿ ಹಾಗೆಯೇ ಉಳಿದುಬಿಡುವುದು. ಆದುದರಿಂದ ತಿರುಪಿನ ತುದಿಗೂ ನರಕ್ಕೂ 2 ಮಿಲಿಮೀಟರು ಅಂತರವಿಡುವುದು ರೂಢಿ. ವೈದ್ಯರು ಗಣಕದಲ್ಲಿ, ಕ್ಷಕಿರಣದ ಮೂರು ಆಯಾಮದ ಚಿತ್ರದ ಮೇಲೆ ದಾರಿಯನ್ನು ಮೊದಲೇ ಗುರುತಿಸಿ, ಅದಕ್ಕೆ ತಕ್ಕ ರಂಧ್ರವುಳ್ಳ ಅಚ್ಚನ್ನು ಬಾಯಿಯಲ್ಲಿ ಕೂರಿಸಿ ಕೊರೆಯುತ್ತಾರೆ. ಹೀಗೆ ಮಾಡಿದರೂ ತುದಿಯಲ್ಲಿ ಸರಾಸರಿ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ವ್ಯತ್ಯಾಸ ಬರುವುದುಂಟು. ಮೇಲಿನ ಅಂತರವು ಧಾರಾಳವೇನಲ್ಲ.

2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಯೋಮಿ ಎಂಬ ಯಂತ್ರತೋಳು, ವೈದ್ಯರ ಕೈಯಲ್ಲಿನ ಬೈರಿಗೆ ದಾರಿ ತಪ್ಪಲೆಳಸಿದೊಡನೆ ತಡೆಯೊಡ್ಡುತ್ತದೆ. 2017ರಲ್ಲಿ ಚೀನಾದ ಷಿಆನ್ ನಗರದಲ್ಲಿ ಯಂತ್ರವೇ ಎರಡು ತಿರುಪುಗಳನ್ನು ನೆಟ್ಟಿತು. ಆದರೆ ಚಿತ್ರ ತೆಗೆಯುವಾಗ ರೋಗಿ ಅಲುಗಿದ್ದರೆ, ಯಂತ್ರವು ತಪ್ಪು ಸ್ಥಳವನ್ನೇ ಕರಾರುವಾಕ್ಕಾಗಿ ಕೊರೆಯಬಹುದು. ಆದಕಾರಣ ಯಂತ್ರವಿದ್ದಾಗಲೂ ವೈದ್ಯರು ಪಕ್ಕದಲ್ಲಿದ್ದು, ನಡುನಡುವೆ ಆಳವನ್ನು ಮತ್ತೆ ಅಳೆದು ನೋಡಬೇಕಾಗುತ್ತದೆ.