ಕಡ್ಡಿ ಕಟ್ಟು, ಹುಣಸೆ ಬೀಜ, ಜೊತೆಗೊಂದು ಪ್ರಶ್ನೆ

‘ಇಪ್ಪತ್ಮೂರು ಬರಿ’ ಎಂದರೆ ಒಂದನೇ ತರಗತಿಯ ಎಷ್ಟೋ ಮಕ್ಕಳು 203 ಎಂದು ಬರೆಯುತ್ತಾರೆ. ದೊಡ್ಡವರಿಗೆ ನಗು ಬರಬಹುದು, ಆದರೆ ಮಗುವಿನ ಲೆಕ್ಕಾಚಾರ ಸರಿಯಾಗಿಯೇ ಇದೆ. ಕಿವಿಗೆ ಬಿದ್ದದ್ದು ಮೊದಲು ಇಪ್ಪತ್ತು, ಆಮೇಲೆ ಮೂರು. ಇಪ್ಪತ್ತನ್ನು 20 ಎಂದು ಬರೆಯಲು ಕಲಿಸಿದ್ದಾರೆ. ಅದರ ಪಕ್ಕ ಒಂದು 3 ಬರೆದರಾಯಿತು. ಕೆಂಪು ಶಾಯಿಯಲ್ಲಿ ಗೆರೆ ಎಳೆದು, 23 ಅನ್ನು ಹತ್ತು ಸಲ ತಿದ್ದಿಸಿದರೆ ಮಗು 23 ಬರೆಯುವುದನ್ನಷ್ಟೇ ಕಲಿಯುತ್ತದೆ. ನಲವತ್ತೇಳು ಎಂದಾಗ ಮತ್ತೆ 407 ಹುಟ್ಟುತ್ತದೆ.

ಅದೇ ಮಗುವಿನ ಮುಂದೆ ಒಂದು ಹಿಡಿ ಪೊರಕೆ ಕಡ್ಡಿ ಸುರಿದು ನೋಡಬೇಕು. ಎಣಿಸುತ್ತಾ ಹೋಗು, ಹತ್ತಾದ ಕೂಡಲೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡು, ಕಟ್ಟನ್ನು ಎಡಕ್ಕಿಡು, ಬಿಡಿ ಕಡ್ಡಿ ಬಲಕ್ಕಿರಲಿ. ಇಪ್ಪತ್ಮೂರು ಕಡ್ಡಿ ಮುಗಿಯುವ ಹೊತ್ತಿಗೆ ಎಡಕ್ಕೆ ಎರಡು ಕಟ್ಟು, ಬಲಕ್ಕೆ ಮೂರು ಬಿಡಿ. ಈಗ ಅವುಗಳ ಕೆಳಗೆ ಅಂಕಿಯ ಕಾರ್ಡು ಇಡಲು ಹೇಳಿದರೆ ಎರಡು ಕಾರ್ಡಿಗಷ್ಟೇ ಜಾಗವಿದೆ. ನಡುವೆ ಸೊನ್ನೆ ಕೂರಿಸಲು ಅಲ್ಲಿ ಏನೂ ಇಲ್ಲ. ‘ಈ 2 ಅಂದರೆ ಎಷ್ಟು ಕಡ್ಡಿ?’ ಎಂದು ಟೀಚರ್ ಕೇಳಬೇಕಾದ ಹೊತ್ತು ಅದು. ಮಗು ಮೊದಲು ‘ಎರಡು’ ಎನ್ನುತ್ತದೆ. ಕಟ್ಟನ್ನು ಕೈಗೆತ್ತಿಕೊಂಡು ನೋಡುತ್ತದೆ. ‘ಅಲ್ಲ ಮಿಸ್, ಇಪ್ಪತ್ತು’ ಎನ್ನುತ್ತದೆ.

ಕಳೆಯುವ ಲೆಕ್ಕಕ್ಕೆ ಬಂದಾಗ ಈ ಕಟ್ಟುಗಳ ನಿಜವಾದ ಉಪಯೋಗ ತಿಳಿಯುತ್ತದೆ. 32ರಲ್ಲಿ 17 ತೆಗೆಯಬೇಕು. ಕೈಯಲ್ಲಿರುವುದು ಮೂರು ಕಟ್ಟು, ಎರಡು ಬಿಡಿ. ಏಳು ಬಿಡಿ ಕೊಡಲು ಆಗದು. ಯಾರೂ ಹೇಳಿಕೊಡದಿದ್ದರೂ ಒಂದಲ್ಲ ಒಂದು ಮಗು ಕಟ್ಟೊಂದನ್ನು ಬಿಚ್ಚುತ್ತದೆ. ಈಗ ಹನ್ನೆರಡು ಬಿಡಿ. ಏಳು ಹೋಗಿ ಐದು ಉಳಿಯಿತು. ಎರಡು ಕಟ್ಟಿನಲ್ಲಿ ಒಂದು ಹೋಗಿ ಒಂದು ಉಳಿಯಿತು. ‘ಪಕ್ಕದಿಂದ ಒಂದು ಕಡ ತಗೋ’ ಎಂಬ ಮಾತನ್ನು ತಲೆಮಾರುಗಳಿಂದ ಮಕ್ಕಳು ಮಂತ್ರದಂತೆ ಹೇಳಿಕೊಂಡು ಬಂದಿದ್ದಾರೆ. ಕಡ ತಂದ ಒಂದು ಇಲ್ಲಿಗೆ ಬಂದು ಹತ್ತಾಗುವುದು ಹೇಗೆ ಎಂಬುದು ಮಾತ್ರ ಬಹಳ ಮಂದಿಗೆ ದೊಡ್ಡವರಾದ ಮೇಲೂ ಬಿಡಿಸದ ಗಂಟಾಗಿಯೇ ಉಳಿಯುತ್ತದೆ. ರಬ್ಬರ್ ಬ್ಯಾಂಡ್ ಬಿಚ್ಚಿದ ಮಗುವಿಗೆ ಆ ಗಂಟೇ ಇಲ್ಲ.

ಕೈಯಿಂದ ಕಲಿಯುವ ಈ ಕ್ರಮ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಹೊಸದೇನಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಿಕ್ಷಣ ಕೇಂದ್ರದ ಪುಟ್ಟ ಶಾಲೆಗಳನ್ನು ಕಂಡು ಬಂದರು. ಹಿಂದಿರುಗಿದ ಮೇಲೆ ಯುನಿಸೆಫ್ ನೆರವಿನೊಂದಿಗೆ ತಮ್ಮ ಶಾಲೆಗಳಿಗೆ ಹೊಂದುವ ಕಾರ್ಡು, ಹಾಡು, ಆಟಗಳನ್ನು ತಾವೇ ಕೂತು ರೂಪಿಸಿದರು. ಅದೇ ನಲಿ-ಕಲಿ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆ ಬಂತು, ಮರುವರ್ಷ ಮೂರನೇ ತರಗತಿಗೂ ವಿಸ್ತರಿಸಿತು. ಶಿಕ್ಷಕರೇ ಹೊಲಿದ ಅಂಗಿ ಇದು; ಇಲಾಖೆ ಆಮೇಲೆ ಅದನ್ನು ಎಲ್ಲ ಶಾಲೆಗಳಿಗೂ ತೊಡಿಸಿತು. ಆ ಮೂಲವನ್ನು ನೆನಪಿಡುವುದು ಒಳ್ಳೆಯದು.

ನಲಿ-ಕಲಿ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಒಂದೊಂದು ಗುಂಪಿಗೆ ಒಂದೊಂದು ತಟ್ಟೆ, ಒಟ್ಟು ಐದು. ಮೊದಲ ತಟ್ಟೆಯ ಮಕ್ಕಳಿಗೆ ಶಿಕ್ಷಕರ ಪೂರ್ತಿ ನೆರವು; ಎರಡನೆಯದಕ್ಕೆ ಅಷ್ಟಿಷ್ಟು; ಮೂರು, ನಾಲ್ಕನೆಯ ತಟ್ಟೆಗಳಲ್ಲಿ ಗೆಳೆಯರೇ ಗುರುಗಳು; ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಮೇಲೆ ಕಲಿಕಾ ಏಣಿ, ಅದರಲ್ಲಿ ಮೈಲಿಗಲ್ಲುಗಳು. ಯಾವ ಮೆಟ್ಟಿಲಿನಲ್ಲಿ ನಿಂತಿದ್ದೇನೆಂದು ಮಗುವಿಗೇ ಗೊತ್ತು. ಜ್ವರ ಬಂದು ಎರಡು ವಾರ ಮನೆಯಲ್ಲಿದ್ದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹತ್ತುತ್ತದೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳೇ ಬರೆದ ಚಿತ್ರಗಳು. ಕೆಲವೇ ಶಿಕ್ಷಕರು ಹಲವು ತರಗತಿಗಳನ್ನು ನಿಭಾಯಿಸಬೇಕಾದ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗೆ ಇದಕ್ಕಿಂತ ಹೊಂದುವ ಏರ್ಪಾಡು ಸಿಗುವುದು ಕಷ್ಟ.

ಅಕ್ಷರ ಕಲಿಸುವ ರೀತಿಯೂ ಬೇರೆ. ಅ, ಆ, ಇ, ಈ ಎಂದು ವರ್ಣಮಾಲೆಯ ತುದಿಯವರೆಗೆ ಕಾಯಬೇಕಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭ. ಬರೆಯಲು ಸುಲಭ, ಬಂದಷ್ಟರಲ್ಲೇ ಓದಲೂ ಆಗುತ್ತದೆ. ಐದು ಕಾರ್ಡುಗಳನ್ನು ಅತ್ತಿತ್ತ ಸರಿಸಿದರೆ ಸರ, ರಸ, ಅರಸ, ಅಗಸ, ದಸರ ಎಲ್ಲವೂ ಹುಟ್ಟುತ್ತವೆ. ಇನ್ನೊಂದು ಗ ಸಿಕ್ಕರೆ ಗರಗಸ! ಮುಂದಿನ ಗುಂಪಿನ ಜ, ವ, ಮ, ಬ, ನ ಸೇರುತ್ತಲೇ ಮರ, ದನ, ಜನ, ಬಸವ, ನಗರ ಬರುತ್ತವೆ. ಶಾಲೆಗೆ ಬಂದ ಕೆಲವೇ ವಾರಗಳಲ್ಲಿ ಮಗು ತನ್ನ ಕೈಯಿಂದ ಪದವೊಂದನ್ನು ಕಟ್ಟಿ ಓದುತ್ತದೆ. ಓದು ಎಂದರೆ ಅರ್ಥ ಸಿಗುವ ಕೆಲಸ ಎಂಬುದು ಇಷ್ಟು ಬೇಗ ತಿಳಿದುಬಿಡುವುದು ಆ ವಯಸ್ಸಿಗೆ ದೊಡ್ಡ ಲಾಭ.

ಹಾಗೆ ನೋಡಿದರೆ ಬೆರಳಿನಿಂದ ಕಲಿಯುವುದು ಈ ನಾಡಿನ ಹಳೆಯ ಪಾಠ. ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದ್ರಾಸಿನ ಎಗ್ಮೋರಿನ ಅನಾಥಾಲಯ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಸ್ಕಾಟ್ಲೆಂಡಿನ ಆಂಡ್ರ್ಯೂ ಬೆಲ್, ಸ್ಥಳೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲೂ ಅದನ್ನು ತಂದ. ಕಲಿತ ಮಗು ಕಲಿಯದ ಮಗುವಿಗೆ ಹೇಳಿಕೊಡುವ ಕ್ರಮವನ್ನೂ ಬೆಳೆಸಿದ. 1797ರಲ್ಲಿ ಲಂಡನ್ನಿನಲ್ಲಿ ಅವನು ಅದರ ವರದಿ ಪ್ರಕಟಿಸಿದ ಮೇಲೆ ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನ ಶಾಲೆಗಳಲ್ಲಿ ಹರಡಿತು. ನಲಿ-ಕಲಿಯ ಮೂರನೆಯ ತಟ್ಟೆಯಲ್ಲಿ ಮೂರನೇ ತರಗತಿಯ ಅಕ್ಕ ಒಂದನೇ ತರಗತಿಯ ತಮ್ಮನ ಬೆರಳು ಹಿಡಿದು ‘ರ’ ತಿದ್ದಿಸುವಾಗ ಆ ಹಳೆಯ ಎಳೆ ಮುಂದುವರಿಯುತ್ತದೆ.

ಮನೆಯ ಆಟಗಳೂ ಇದೇ ಜಾತಿಯವು. ಅಳಿಗುಳಿ ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗೆ ನಾಲ್ಕರಂತೆ ಹುಣಸೆ ಬೀಜ ತುಂಬಿ, ಒಂದು ಗುಳಿಯ ಬೀಜವನ್ನು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತಾ ಹೋಗುವ ಮಗು, ಒಂದು ಬೀಜಕ್ಕೆ ಒಂದೇ ಎಣಿಕೆ ಎಂಬ ಗಣಿತದ ಮೊದಲ ನಿಯಮವನ್ನು ಆಡುತ್ತಲೇ ಅರಗಿಸಿಕೊಳ್ಳುತ್ತದೆ. ಸ್ವಲ್ಪ ಪಳಗಿದ ಮೇಲೆ ಬೀಜ ಎಲ್ಲಿ ಮುಗಿಯುತ್ತದೆಂದು ಕೈ ಹಾಕುವ ಮೊದಲೇ ಲೆಕ್ಕ ಹಾಕತೊಡಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಕಲಿಕೆಯ ಮೂರು ಬಗೆಗಳನ್ನು ಗುರುತಿಸಿದ: ಕೈಯಿಂದ ಮಾಡುವುದು, ಚಿತ್ರವಾಗಿ ಕಾಣುವುದು, ಸಂಕೇತವಾಗಿ ಬರೆಯುವುದು. ಕಡ್ಡಿ, ಕಡ್ಡಿಯ ಚಿತ್ರ, 23 ಎಂಬ ಅಂಕಿ ಈ ಮೂರಕ್ಕೂ ಸರಿಹೊಂದುತ್ತವೆ. ಆದರೆ ಇಲ್ಲೊಂದು ಎಚ್ಚರಿಕೆಯ ಮಾತು ಬೇಕು. ಮಕ್ಕಳ ಕೈಗೆ ವಸ್ತು ಕೊಟ್ಟ ಮಾತ್ರಕ್ಕೆ ಕಲಿಕೆ ಆಗಿಬಿಡುವುದಿಲ್ಲ. ವಸ್ತುಗಳನ್ನು ಬಳಸಿ ಗಣಿತ ಕಲಿಸಿದ 55 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2013ರ ವಿಶ್ಲೇಷಣೆಯೊಂದು, ಬರೀ ಅಂಕಿಯಿಂದ ಕಲಿತವರಿಗಿಂತ ವಸ್ತುವಿನಿಂದ ಕಲಿತವರು ಮುಂದಿದ್ದರೆಂದು ಕಂಡುಕೊಂಡಿತು. ಎಷ್ಟು ಮುಂದೆ ಎಂಬುದು ಮಾತ್ರ ಶಿಕ್ಷಕರು ಜೊತೆಗೆ ನಿಂತು ದಾರಿ ತೋರಿದ ಬಗೆಯ ಮೇಲೂ ನಿಂತಿತ್ತು.

ಇದರ ಕಾರಣವನ್ನು ಜೂಡಿ ಡಿಲೋಶ್ ಎಂಬ ಸಂಶೋಧಕಿಯ ಪ್ರಯೋಗಗಳು ಚೆನ್ನಾಗಿ ತೋರಿಸುತ್ತವೆ. ಕೋಣೆಯೊಂದರ ಪುಟ್ಟ ಮಾದರಿ ಮಾಡಿ, ಅದರಲ್ಲಿ ಗೊಂಬೆಯನ್ನು ಮಗುವಿನ ಕಣ್ಣೆದುರೇ ಅಡಗಿಸಿ, ದೊಡ್ಡ ಕೋಣೆಯಲ್ಲೂ ಅಂಥದೇ ಜಾಗದಲ್ಲಿ ಗೊಂಬೆಯಿದೆ, ಹುಡುಕು ಎಂದು ಆಕೆ ಹೇಳುತ್ತಿದ್ದರು. ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಹುಡುಕಿಬಿಡುತ್ತಿದ್ದರು. ಆದರೆ ಮೊದಲೇ ಆ ಮಾದರಿಯೊಂದಿಗೆ ಆಡಲು ಬಿಟ್ಟರೆ ಅದೇ ವಯಸ್ಸಿನವರು ಹೆಚ್ಚು ತಡವರಿಸಿದರು. ಮಾದರಿಯನ್ನು ಗಾಜಿನ ಹಿಂದಿಟ್ಟು ಮುಟ್ಟಗೊಡದಿದ್ದರೆ ಇನ್ನೂ ಎಳೆಯ ಮಕ್ಕಳೂ ಗೆದ್ದರು. ಆಡಿದ ಮಗುವಿಗೆ ಮಾದರಿಯೇ ಒಂದು ಆಟಿಕೆ. ಅದು ಬೇರೊಂದನ್ನು ಸೂಚಿಸುತ್ತಿದೆ ಎಂಬುದು ಹಿಂದೆ ಸರಿದುಹೋಗುತ್ತದೆ. ಬಣ್ಣಬಣ್ಣದ ಪ್ಲಾಸ್ಟಿಕ್ ಆನೆ, ಕಾರುಗಳನ್ನು ಕೊಟ್ಟು ಎಣಿಸು ಎಂದರೆ ಮಕ್ಕಳು ಆನೆಗೂ ಕಾರಿಗೂ ಓಟದ ಪಂದ್ಯ ಇಡುವುದು ಇದಕ್ಕೇ. ಪೊರಕೆ ಕಡ್ಡಿ, ಹುಣಸೆ ಬೀಜ, ಹೊಂಗೆ ಬೀಜಗಳು ಸಪ್ಪೆಯಾಗಿರುವುದೇ ಅವುಗಳ ಗುಣ. ದುಬಾರಿ ಕಿಟ್ ಕೊಳ್ಳಲಾಗದ ಶಾಲೆಗಳು ಕೊರಗಬೇಕಾಗಿಲ್ಲ.

ಪ್ರಶ್ನೆಯ ಬೆಲೆ ಪರಿಸರ ಪಾಠದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಬಕೆಟ್ಟಿನಲ್ಲಿ ನೀರಿಟ್ಟು ಮೊಳೆ, ಎಲೆ, ಮರದ ತುಂಡು ಹಾಕಿಸಿ, ತೇಲುವವು, ಮುಳುಗುವವು ಎಂದು ಪಟ್ಟಿ ಬರೆಸುವುದು ಎಲ್ಲೆಡೆ ನಡೆಯುತ್ತದೆ. ಹಾಕುವ ಮೊದಲು ‘ಏನಾಗುತ್ತೆ, ಯಾಕೆ?’ ಎಂದು ಕೇಳಿದರೆ ಪಾಠದ ದಿಕ್ಕೇ ಬದಲಾಗುತ್ತದೆ. ‘ಭಾರ ಇದ್ರೆ ಮುಳುಗುತ್ತೆ’ ಎಂಬುದು ಮಕ್ಕಳ ಸಿದ್ಧ ಉತ್ತರ. ಆಗ ಒಂದು ಕಿತ್ತಳೆ ಹಣ್ಣು ಹಾಕಿ, ತೇಲುತ್ತದೆ. ಅದೇ ಹಣ್ಣಿನ ಸಿಪ್ಪೆ ಸುಲಿದು ಹಾಕಿ, ಮುಳುಗುತ್ತದೆ. ಸುಲಿದ ಮೇಲೆ ಅದು ಹಗುರವಾಗಿದೆ ತಾನೆ? ಸಿಪ್ಪೆಯೊಳಗಿನ ಗಾಳಿ ಹಣ್ಣನ್ನು ಎತ್ತಿ ಹಿಡಿದಿತ್ತೆಂಬುದನ್ನು ಅಂದೇ ಹೇಳಿಬಿಡುವ ಆತುರ ಬೇಡ. ಮಕ್ಕಳು ಒಂದು ದಿನ ತಲೆ ಕೆಡಿಸಿಕೊಳ್ಳಲಿ, ಮನೆಯಲ್ಲಿ ಅಮ್ಮನ ಹತ್ತಿರ ನಿಂಬೆಹಣ್ಣು ಕೇಳಲಿ.

ಹುರುಳಿ ಕಾಳನ್ನು ಮೂರು ಲೋಟಗಳಲ್ಲಿ ಇಡುವುದೂ ಹೀಗೆಯೇ. ಒಂದರಲ್ಲಿ ಒಣ ಕಾಳು, ಒಂದರಲ್ಲಿ ನೀರು ತುಂಬಿ ಮುಳುಗಿದ ಕಾಳು, ಒಂದರಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಾಳು. ನೀರು ಹೆಚ್ಚಿದ್ದಷ್ಟೂ ಮೊಳಕೆ ಹೆಚ್ಚು ಎಂದು ಪಣ ಕಟ್ಟಿದ ಮಕ್ಕಳಿಗೆ ಎರಡನೆಯ ಲೋಟದ ವಾಸನೆಯೇ ಉತ್ತರ ಕೊಡುತ್ತದೆ.

ಅಳತೆಗೆ ಮಕ್ಕಳ ಕೈಯೇ ಸಾಕು. ಮೇಜನ್ನು ಗೇಣಿನಲ್ಲಿ ಅಳೆಯಲು ಹೇಳಿದರೆ ಒಬ್ಬನಿಗೆ ಒಂಬತ್ತು ಗೇಣು, ಇನ್ನೊಬ್ಬಳಿಗೆ ಹತ್ತು, ಮೇಷ್ಟ್ರಿಗೆ ಆರು. ಯಾರದು ಸರಿ ಎಂಬ ಜಗಳ ಶುರುವಾಗುತ್ತದೆ. ಎಲ್ಲರಿಗೂ ಒಂದೇ ಆಗಿರುವ ಅಳತೆಗೋಲು ಬೇಕೆಂಬ ಮಾತು ಆ ಜಗಳದಿಂದಲೇ ಹೊರಡಬೇಕು. ಸೆಂಟಿಮೀಟರು ಆಮೇಲೆ ಬರಲಿ.

ಅರವಿಂದ ಗುಪ್ತ ಅವರು 1970ರ ದಶಕದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮದಲ್ಲಿದ್ದಾಗ ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಬೆಂಕಿಕಡ್ಡಿಗಳನ್ನು ಜೋಡಿಸುವ ಉಪಾಯ ಕಂಡುಕೊಂಡರು. ಚೌಕ ಮಾಡಿ ಒತ್ತಿದರೆ ಓರೆಯಾಗುತ್ತದೆ, ತ್ರಿಕೋನ ಒತ್ತಿದರೆ ಅಲುಗುವುದಿಲ್ಲ. ಮೂರನೇ ತರಗತಿಯ ಮಕ್ಕಳು ಇದನ್ನು ಮಾಡಿ ನೋಡಿದ ಮೇಲೆ ಹೊಲದ ನಡುವಿನ ವಿದ್ಯುತ್ ಗೋಪುರದಲ್ಲಿ ತ್ರಿಕೋನಗಳನ್ನು ತಾವಾಗಿಯೇ ಎಣಿಸತೊಡಗುತ್ತಾರೆ.

ಇಷ್ಟಾದರೂ ‘ಶಾಲೇಲಿ ಬರೀ ಆಟ ಆಡಿಸ್ತಾರೆ, ಪಾಠ ಮಾಡಲ್ಲ’ ಎಂಬ ದೂರು ಹೆತ್ತವರಿಂದ ನಿಂತಿಲ್ಲ. ಅದನ್ನು ಅವರ ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. ಚಟುವಟಿಕೆ ಮುಗಿದ ಮೇಲೆ ಮಾತು ನಡೆಯದ, ಪುಸ್ತಕಕ್ಕೆ ಏನೂ ಇಳಿಯದ ತರಗತಿಗಳು ಇವೆ. ಕಾರ್ಡು ಹಂಚಿ, ದಾಖಲೆ ತುಂಬಿಸುವುದರಲ್ಲೇ ಶಿಕ್ಷಕರ ಹೊತ್ತು ಕಳೆದುಹೋಗುವುದೂ ಉಂಟು. ಕಡ್ಡಿಯಿಂದ ಚಿತ್ರಕ್ಕೆ, ಚಿತ್ರದಿಂದ ಅಂಕಿಗೆ ಮಗು ದಾಟಿದೆಯೇ ಎಂದು ನೋಡುವುದೇ ಅಸಲು ಕೆಲಸ. ಅದಕ್ಕೆ ಕಡ್ಡಿಗಳನ್ನು ಒಂದು ದಿನ ಎತ್ತಿಟ್ಟು, ‘ಕಣ್ಣು ಮುಚ್ಚಿ ಹೇಳು, 32ರಲ್ಲಿ 17 ಹೋದರೆ ಯಾವ ಕಟ್ಟು ಬಿಚ್ತೀಯ?’ ಎಂದು ಕೇಳಬೇಕು. ಬೆರಳು ಗಾಳಿಯಲ್ಲಿ ಬಿಚ್ಚುವಂತೆ ಆಡಿದರೆ ಕಡ್ಡಿ ತಲೆಯೊಳಗೆ ಹೋಗಿದೆ. ಆಡದಿದ್ದರೆ ಇನ್ನೂ ಕೆಲವು ದಿನ ಕಡ್ಡಿ ಬೇಕು.

ನಾಲ್ಕನೇ ತರಗತಿಗೆ ಕಾಲಿಟ್ಟ ಕೂಡಲೇ ಏಣಿ, ತಟ್ಟೆ, ಚಪ್ಪರ ಎಲ್ಲ ಹಿಂದಾಗಿ ಬೆಂಚು, ಪಠ್ಯಪುಸ್ತಕ ಎದುರಾಗುತ್ತವೆ. ಭಿನ್ನರಾಶಿ ಬರುವ ವಯಸ್ಸದು. ನಾಲ್ಕು ಮೂರಕ್ಕಿಂತ ದೊಡ್ಡದು, ಹಾಗಾಗಿ ಕಾಲು ಭಾಗ ಮೂರನೇ ಒಂದು ಭಾಗಕ್ಕಿಂತ ದೊಡ್ಡದು ಎಂದು ಬಹಳ ಮಕ್ಕಳು ನಂಬುತ್ತಾರೆ. ಒಂದೇ ಅಳತೆಯ ಎರಡು ಕಾಗದದ ಪಟ್ಟಿಗಳನ್ನು ಮಡಚಿಸಿ ಅಕ್ಕಪಕ್ಕ ಇರಿಸಿದರೆ ಕೆಲವೇ ನಿಮಿಷದಲ್ಲಿ ಬಗೆಹರಿಯುವ ವಿಷಯ. ಅಕ್ಷರ ಫೌಂಡೇಷನ್ನಿನ ಜೊತೆಗೂಡಿ ರಾಜ್ಯ ಸರ್ಕಾರ ನಡೆಸಿದ ಗಣಿತ ಕಲಿಕಾ ಆಂದೋಲನ ಈ ವಯಸ್ಸಿನವರಿಗೆಂದೇ ಗಣಿತದ ಕಿಟ್ಟುಗಳನ್ನು ಶಾಲೆಗಳಿಗೆ ತಲುಪಿಸಿದೆ. ಮೂರರಿಂದ ಎಂಟು ವರ್ಷದವರಿಗಾಗಿ ಕೇಂದ್ರ ಸರ್ಕಾರ 2023ರ ಫೆಬ್ರುವರಿಯಲ್ಲಿ ‘ಜಾದೂಯಿ ಪಿಟಾರ’ ಎಂಬ ಆಟಿಕೆ, ಕಾರ್ಡು, ಕಥೆಗಳ ಪೆಟ್ಟಿಗೆಯನ್ನೂ ಹೊರತಂದಿತು. ಯಾವ ಪೆಟ್ಟಿಗೆಯೇ ಆಗಲಿ, ಸಾಮಾನು ಕಳೆದರೆ ಲೆಕ್ಕ ಕೊಡಬೇಕಾದೀತೆಂಬ ಅಂಜಿಕೆಗೆ ಬೀರುವಿನೊಳಗೇ ಉಳಿದರೆ ಬಂದೂ ಬಾರದಂತೆ. ಕಳೆದ ಬಿಲ್ಲೆಗೆ ರಟ್ಟು ಕತ್ತರಿಸಿ ಹಾಕಿಕೊಳ್ಳಿ, ಮುರಿದ ಕಡ್ಡಿಗೆ ಪೊರಕೆಯಿದೆ ಎಂದು ಮುಖ್ಯಶಿಕ್ಷಕರು ಒಮ್ಮೆ ಬಾಯಿಬಿಟ್ಟು ಹೇಳಿದರೆ ಆ ಅಂಜಿಕೆಯ ಅರ್ಧ ಭಾಗ ಕರಗುತ್ತದೆ. ಇಲಾಖೆಯ ಸುತ್ತೋಲೆಯೊಂದು ಅದನ್ನೇ ಹೇಳಿದರೆ ಉಳಿದದ್ದೂ ಕರಗುತ್ತದೆ.