ಕೈಹಿಡಿದವರಿಗೂ ಆಸರೆ: ಕುಂದಲಹಳ್ಳಿ ಗೇಟಿನ ಕರುಣಾಶ್ರಯ

ಮಾರತ್ತಹಳ್ಳಿ ದಾಟಿ ವರ್ತೂರಿನ ಕಡೆ ಹೊರಟರೆ ಕುಂದಲಹಳ್ಳಿ ಗೇಟಿನವರೆಗೂ ಬಸ್ಸು, ಕ್ಯಾಬು, ನೀರಿನ ಟ್ಯಾಂಕರುಗಳ ಸಾಲು ಕರಗುವುದೇ ಇಲ್ಲ. ಆ ಗದ್ದಲದ ರಸ್ತೆಯ ಬದಿಯಲ್ಲೇ, ಸರ್ಕಾರ ಗುತ್ತಿಗೆಗೆ ಕೊಟ್ಟ ಐದು ಎಕರೆಯಲ್ಲಿ ಕರುಣಾಶ್ರಯವಿದೆ. ಒರಟು ಕಲ್ಲಿನ ಗೋಡೆ, ತಗ್ಗಿನ ಕಟ್ಟಡ, ನಡುವೆ ನೀರಿನ ಕೊಳ, ಸುತ್ತ ಜಗುಲಿ. ವಾಸ್ತುಶಿಲ್ಪಿ ಸಂಜಯ್ ಮೋಹೆ ಇದನ್ನು ರೂಪಿಸುವಾಗ ಆಸ್ಪತ್ರೆಯ ಉದ್ದನೆಯ ಕಾರಿಡಾರುಗಳನ್ನು ಬಿಟ್ಟು ಅಂಗಳವಿರುವ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡಂತೆ ಕಾಣುತ್ತದೆ. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಇಲ್ಲಿ ಕೊನೆಯವರೆಗೂ ನೋಡಿಕೊಳ್ಳುತ್ತಾರೆ. ಹಾಸ್ಪೈಸ್ ಎನ್ನುವುದು ಇಂಥ ಜಾಗವನ್ನೇ. ಯಾವುದಕ್ಕೂ ಹಣ ಕೇಳುವುದಿಲ್ಲ.

ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಸೇರಿ ಕರುಣಾಶ್ರಯವನ್ನು ನಡೆಸುವ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಕಟ್ಟಿದ್ದು 1994ರಲ್ಲಿ. ಕಟ್ಟಡ ಏಳುವ ಮೊದಲೇ, ಮರುವರ್ಷದಿಂದಲೇ, ದಾದಿಯರು ರೋಗಿಗಳ ಮನೆಬಾಗಿಲಿಗೆ ಹೋಗತೊಡಗಿದರು. ಒಳರೋಗಿಗಳ ವಾರ್ಡು ತೆರೆದದ್ದು 1999ರಲ್ಲಿ. ದೇಶದ ಮೊದಲ ಹಾಸ್ಪೈಸ್ ಎನಿಸಿದ ಮುಂಬೈ ಬಾಂದ್ರಾದ ಶಾಂತಿ ಅವೇದನಾ ಸದನ 1986ರದ್ದು. ಇವೆರಡರ ಹಿಂದೆಯೂ ಇರುವುದು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಸಿಸಿಲಿ ಸಾಂಡರ್ಸ್ ಅವರ ವಿಚಾರ. ನೋವೆಂದರೆ ಮೈಯ ನೋವೊಂದೇ ಆಗಿರುವುದಿಲ್ಲ, ಮನಸ್ಸಿನದು, ಸಂಸಾರದ್ದು, ದೇವರ ಮೇಲಿನ ಮುನಿಸಿನದು ಎಲ್ಲವೂ ಅದರಲ್ಲಿ ಬೆರೆತಿರುತ್ತವೆ ಎಂದು ಆಕೆ ಕಂಡುಕೊಂಡರು. ದಾದಿಯಾಗಿ ಕೆಲಸ ಮಾಡಿ, ಆಮೇಲೆ ವೈದ್ಯೆಯಾದವರು ಅವರು.

ಸಂಸಾರದ ನೋವು ಅಂದೆನಲ್ಲ, ಇಂಥ ಜಾಗಗಳ ಬಗ್ಗೆ ಬರೆಯುವಾಗ ನಾವು ಅದನ್ನೇ ಬಿಟ್ಟುಬಿಡುತ್ತೇವೆ. ಮಂಚದ ಮೇಲಿರುವವರನ್ನು ಎಲ್ಲರೂ ನೋಡುತ್ತಾರೆ, ಪಕ್ಕದ ಸ್ಟೂಲಿನ ಮೇಲೆ ಕೂತವರು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. "ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ" ಎಂದು ದೊಡ್ಡಾಸ್ಪತ್ರೆಯವರು ಕೈಚೆಲ್ಲಿದ ಮೇಲೆ ಹೆಂಡತಿಯಾದವಳು ಒಂದೇ ದಿನದಲ್ಲಿ ದಾದಿಯಾಗಬೇಕು. ಮೂಗಿನ ನಳಿಗೆಯಲ್ಲಿ ಗಂಜಿ ಬಿಡಬೇಕು, ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬಟ್ಟೆ ಒಗೆಯಬೇಕು, ಅಡವಿಟ್ಟ ಒಡವೆಯ ಬಡ್ಡಿಗೂ ಓಡಾಡಬೇಕು. ಗಂಡನ ಪಕ್ಕ ಸುಮ್ಮನೆ ಕೂತು ಎರಡು ಮಾತಾಡಲು ಅವಳಿಗೆ ಹೊತ್ತೆಲ್ಲಿ? ಹಾಸ್ಪೈಸ್ ಹಿಂತಿರುಗಿಸುವುದು ಆ ಹೊತ್ತನ್ನು. ಅದೇ ಅದರ ದೊಡ್ಡ ಕೆಲಸ ಎಂದು ನಾನು ನಂಬಿದ್ದೇನೆ.

ಬಾಯಿ ಕ್ಯಾನ್ಸರನ್ನೇ ನೋಡಿ. ಗುಟ್ಕಾ, ಹೊಗೆಸೊಪ್ಪು ಹೆಚ್ಚಿರುವ ನಮ್ಮಲ್ಲಿ ಇದರ ರೋಗಿಗಳು ಬಹಳ. ಕೆನ್ನೆಯ ಗಾಯ ಒಡೆದು ಹೊರಗೆ ಬಂದಾಗ ಕೊಳೆತ ವಾಸನೆ ಮನೆಯನ್ನೆಲ್ಲ ತುಂಬುತ್ತದೆ. ಮಕ್ಕಳು ಕೋಣೆಗೆ ಬರಲು ಹಿಂಜರಿಯುತ್ತಾರೆ, ನೆಂಟರು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಾರೆ. ರೋಗಿ ನಾಚಿಕೆಯಿಂದ ಗೋಡೆಯ ಕಡೆ ತಿರುಗಿ ಮಲಗುತ್ತಾನೆ, ಹೆಂಡತಿ ಹತ್ತಿರ ಬಂದರೆ ಟವೆಲ್ಲಿನಿಂದ ಮುಖ ಮುಚ್ಚಿಕೊಳ್ಳುತ್ತಾನೆ. ರೋಗ ಗುಣವಾಗದಿದ್ದರೂ ನರಳಾಟ ತಗ್ಗಿಸುವ ಉಪಶಾಮಕ ಆರೈಕೆಯಲ್ಲಿ ಪಳಗಿದ ದಾದಿ ಗಾಯವನ್ನು ಉಪ್ಪುನೀರಿನಿಂದ ಮೆಲ್ಲಗೆ ತೊಳೆದು, ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ಅದರ ಮೇಲೆ ಉದುರಿಸಿ ಗಾಜ್ ಕಟ್ಟುತ್ತಾರೆ. ಮಾತ್ರೆಗೆ ದುಡ್ಡೇನೂ ಹೆಚ್ಚಿಲ್ಲ. ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾ ಸಾಯುತ್ತವೆ, ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಗಾಯ ಮಾಯುವುದಿಲ್ಲ, ಆದರೆ ಅವಳು ಮತ್ತೆ ಮಗ್ಗುಲಲ್ಲಿ ಕೂರಬಹುದು. ತಿಂಗಳುಗಟ್ಟಲೆ ಒಬ್ಬರ ಮುಖ ಒಬ್ಬರು ನೋಡಲಾಗದವರಿಗೆ ಇದು ಸಣ್ಣ ಮಾತಲ್ಲ.

ನೋವಿಗೆ ಮಾರ್ಫಿನ್. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಇದು ವರ್ಷಗಟ್ಟಲೆ ರೋಗಿಗಳ ಕೈಗೆಟುಕದೆ ಹೋಯಿತು. 2014ರ ತಿದ್ದುಪಡಿ ದಾರಿ ಸ್ವಲ್ಪ ಸಲೀಸು ಮಾಡಿತು. ಮಾರ್ಫಿನ್ ಕೊಟ್ಟರೆ ಕಥೆ ಮುಗಿಯಿತು ಎಂಬ ಹೆದರಿಕೆ ಮನೆಮನೆಯಲ್ಲೂ ಇದೆ. ನೋವಿನ ಅಳತೆಗೆ ತಕ್ಕಂತೆ ಕೊಟ್ಟರೆ ಅದು ಸಾವನ್ನು ಹತ್ತಿರ ಎಳೆಯುವುದಿಲ್ಲ. ಮಲಬದ್ಧತೆ ಮಾತ್ರ ಖಂಡಿತ, ಅದಕ್ಕೆ ಜತೆಯಲ್ಲೇ ಔಷಧಿ ಇರುತ್ತದೆ. ಸಾದಾ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ನುಂಗಿಸಬೇಕು. ಆದರೆ ಮಲಗುವ ಹೊತ್ತಿಗೆ ಎರಡರಷ್ಟು ಕೊಟ್ಟು ನಡುರಾತ್ರಿಯ ಸರದಿಯನ್ನು ಕೈಬಿಡುವ ಪದ್ಧತಿಯನ್ನು ವೈದ್ಯರು ಬಳಸುತ್ತಾರೆ. ಆ ಒಂದು ಏರ್ಪಾಡಿನಿಂದ ರೋಗಿಯ ಜತೆಗೆ ಪಕ್ಕದಲ್ಲಿರುವವಳಿಗೂ ನಿದ್ದೆ ಸಿಗುತ್ತದೆ.

ಔಷಧಿಗಿಂತ ಕಷ್ಟದ್ದು ಮಾತು. "ಅವರಿಗೆ ಏನೂ ಹೇಳ್ಬೇಡಿ ಡಾಕ್ಟ್ರೇ, ಎದೆ ಒಡ್ಕೊಂಡ್ಬಿಡ್ತಾರೆ" ಎಂದು ಹೆಂಡತಿ ಹೊರಗೆ ಕೈಮುಗಿಯುತ್ತಾಳೆ. ಒಳಗೆ ಗಂಡ, "ಅವಳಿಗೆ ಗೊತ್ತಾಗೋದು ಬೇಡ ಸಿಸ್ಟರ್, ತಡ್ಕೊಳ್ಳಲ್ಲ" ಎನ್ನುತ್ತಾನೆ. ಇಬ್ಬರಿಗೂ ಗೊತ್ತು, ಇಬ್ಬರೂ ಒಂಟಿ. ಹಾಸ್ಪೈಸ್‌ಗಳಲ್ಲಿ ಕೌನ್ಸೆಲರ್ ಇರುವುದು ಈ ಗೋಡೆ ಒಡೆಯುವುದಕ್ಕೆ. ಅವರು ಸತ್ಯವನ್ನು ಹೇರುವುದಿಲ್ಲ. "ನಿಮಗೇನನ್ನಿಸುತ್ತೆ ಅಣ್ಣಾ?" ಎಂದು ಕೇಳಿ ಕಾಯುತ್ತಾರೆ. ಮಾತು ಹೊರಬಿದ್ದ ಮೇಲೆ ಉಳಿದವೂ ಬರುತ್ತವೆ: ಸೊಸೈಟಿ ಸಾಲದ ಕಾಗದ ಎಲ್ಲಿದೆ, ಮಗಳ ಮದುವೆಗೆ ಯಾರು ನಿಲ್ಲಬೇಕು, ಹಿಂದೆಂದೋ ಆಡಿದ ಕೆಟ್ಟ ಮಾತಿಗೆ ಕ್ಷಮೆ.

ಊಟದ ಸಂಕಟ ಬೇರೆ. ತುತ್ತು ನುಂಗದ ಗಂಡನ ಎದುರು ಬಟ್ಟಲು ಹಿಡಿದು "ಒಂದೇ ಒಂದು ತುತ್ತು" ಎಂದು ಗೋಗರೆಯುವವಳಿಗೆ, ಉಣ್ಣದ್ದರಿಂದ ಅವರು ಸಾಯುತ್ತಿಲ್ಲ, ಕೊನೆ ಬಂದಿದ್ದರಿಂದ ಮೈಗೆ ಅನ್ನ ಬೇಡವಾಗಿದೆ ಎಂದು ಯಾರಾದರೂ ಕೂರಿಸಿಕೊಂಡು ತಿಳಿಸಬೇಕು. ಒದ್ದೆ ಹತ್ತಿಯಿಂದ ಬಾಯಿ ಒರೆಸುವುದು, ತುಟಿಗೆ ವ್ಯಾಸ್‌ಲಿನ್ ಹಚ್ಚುವುದು ಅವಳಿಗೆ ಹೇಳಿಕೊಡಬಹುದಾದ ಕೆಲಸ. ಕೈಗೆ ಕೆಲಸ ಸಿಕ್ಕರೆ ತಪ್ಪಿತಸ್ಥ ಭಾವ ಅಷ್ಟು ಕಾಡುವುದಿಲ್ಲ. ಹೆಂಡತಿಯನ್ನು ನೋಡಿಕೊಳ್ಳುವ ಗಂಡಂದಿರಿಗೆ ಇನ್ನೂ ಹೆಚ್ಚು ಹೇಳಿಕೊಡಬೇಕಾಗುತ್ತದೆ. ಸ್ತನ ಕ್ಯಾನ್ಸರಿನ ಗಾಯ ತೊಳೆಯುವುದಿರಲಿ, ಜಡೆ ಬಾಚುವುದನ್ನೂ ಅವರು ಹೊಸದಾಗಿ ಕಲಿಯಬೇಕು.

ಇಂಥ ಆರೈಕೆಗೆ ಜನ ಬರುವುದು ಬಹಳ ತಡವಾಗಿ, ಅದೇ ನನಗೆ ನೋವು. ಎಲ್ಲ ಮಾರಿ, ಎಲ್ಲ ಆಸ್ಪತ್ರೆ ಸುತ್ತಿ, ಕೊನೆಯ ಕೆಲವು ದಿನಕ್ಕೆ ಬರುತ್ತಾರೆ. ಹೆಂಡತಿಯನ್ನೋ ಗಂಡನನ್ನೋ ಹಾಸ್ಪೈಸ್‌ಗೆ ಸೇರಿಸಿದರೆ ನೆಂಟರು "ಕೈಬಿಟ್ಟರು" ಅಂದಾರು ಎಂಬ ಭಯವೂ ಇದೆ. ಬೆಂಗಳೂರಿನಲ್ಲಿರುವವರು ಮನೆಗೇ ಬರುವ ತಂಡದಿಂದ ಶುರುಮಾಡಬಹುದು. ರೋಗಿ ಮನೆಯಲ್ಲೇ ಇರಲು ಬಯಸಿದರೆ ಅದೇ ಸರಿ. ಒಳರೋಗಿಯಾಗಿ ಸೇರಿಸಬೇಕೆಂದರೆ ಚಿಕಿತ್ಸೆ ನಡೆದ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ವರದಿಗಳನ್ನು ಒಂದು ಫೈಲಿನಲ್ಲಿಟ್ಟುಕೊಂಡು ಮೊದಲು ಫೋನ್ ಮಾಡಿ, ಹಾಸಿಗೆ ಖಾಲಿ ಇದೆಯೇ ಕೇಳಿ. ಕರೆಯುವಾಗ ರೋಗಿಯ ಸ್ಥಿತಿಯ ಜತೆಗೆ ನೋಡಿಕೊಳ್ಳುತ್ತಿರುವವರು ಯಾರು, ಅವರು ಎಷ್ಟು ರಾತ್ರಿಯಿಂದ ನಿದ್ದೆ ಮಾಡಿಲ್ಲ ಎಂಬುದನ್ನೂ ಹೇಳಿ.